ಫಿಸಿಶಿಯನ್ ಅಸಿಸ್ಟೆಂಟ್ ಆಗಬಯಸುವವರಿಗೆ ಅಮೆರಿಕ ಸರ್ಕಾರದ ಉದ್ಯೋಗ ಕೈಪಿಡಿ: ಒಂದು ವಿಮರ್ಶೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಕ್ಕಳ ಓದಿನ ಮಾತು ಬಂದಾಗ ಡಾಕ್ಟರ್, ಎಂಜಿನಿಯರ್ ಎಂಬುದರ ಜೊತೆಗೆ ಈಚೆಗೆ ಪಿಎ ಎಂಬ ಹೆಸರೂ ಕೇಳಿಬರುತ್ತಿದೆ. ಪಿಎ ಎಂದರೆ ಫಿಸಿಶಿಯನ್ ಅಸಿಸ್ಟೆಂಟ್. ಅಲ್ಲಿ ಅವರು ರೋಗಿಯನ್ನು ಪರೀಕ್ಷಿಸುತ್ತಾರೆ, ರೋಗ ಯಾವುದೆಂದು ನಿರ್ಣಯಿಸುತ್ತಾರೆ, ಔಷಧಿ ಬರೆದುಕೊಡುತ್ತಾರೆ, ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರ ಪಕ್ಕದಲ್ಲಿ ನಿಂತು ನೆರವಾಗುತ್ತಾರೆ. ವೈದ್ಯಕೀಯ ಪದವಿಯ ದೀರ್ಘ ಓದು ಮತ್ತು ಅದರ ನಂತರ ಆಸ್ಪತ್ರೆಯಲ್ಲಿ ಪಡೆಯುವ ರೆಸಿಡೆನ್ಸಿ ಎಂಬ ತರಬೇತಿ ಮಾತ್ರ ಅವರಿಗೆ ಇರುವುದಿಲ್ಲ. ಈ ವೃತ್ತಿಗೆ ಮುಂದೆ ಬೇಡಿಕೆ ಉಳಿಯುತ್ತದೆಯೇ ಎಂದು ತಿಳಿಯಬಯಸುವವರು ಬಹುಪಾಲು ಬಂದು ಸೇರುವುದು ಅಮೆರಿಕ ಸರ್ಕಾರದ ಬ್ಯೂರೋ ಆಫ್ ಲೇಬರ್ ಸ್ಟಾಟಿಸ್ಟಿಕ್ಸ್ ನಡೆಸುವ ಆಕ್ಯುಪೇಷನಲ್ ಔಟ್‌ಲುಕ್ ಹ್ಯಾಂಡ್‌ಬುಕ್ ಎಂಬ ಉಚಿತ ಸೇವೆಗೆ. ನಮ್ಮ ಬಳಗದ ಹಲವು ಮಕ್ಕಳಿಗೂ ಅವರ ತಂದೆತಾಯಂದಿರಿಗೂ ನಾನು ಈ ಕೈಪಿಡಿಯನ್ನೇ ಮೊದಲು ತೋರಿಸುತ್ತ ಬಂದಿದ್ದೇನೆ. ಆದ್ದರಿಂದ ಅದು ಏನನ್ನು ಚೆನ್ನಾಗಿ ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ, ವಿಶೇಷವಾಗಿ ಕರ್ನಾಟಕದಲ್ಲಿ ಕುಳಿತು ಓದುವವರು ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ವಿವರವಾಗಿ ಬರೆಯುವುದು ಅಗತ್ಯವೆನಿಸಿತು.

ಕೈಪಿಡಿಗೂ ಪಿಎ ವೃತ್ತಿಗೂ ಹುಟ್ಟಿನಲ್ಲೇ ಒಂದು ಸಾಮ್ಯವಿದೆ. ಎರಡನೆಯ ಮಹಾಯುದ್ಧ ಮುಗಿಸಿ ಮರಳಿದ ಸೈನಿಕರಿಗೆ ನಾಗರಿಕ ಬದುಕಿನಲ್ಲಿ ಯಾವ ಕೆಲಸ ಸಿಗಬಹುದು ಎಂದು ಮಾರ್ಗದರ್ಶನ ನೀಡುವ ಪ್ರಯತ್ನದಿಂದ ಬೆಳೆದ ಈ ಕೈಪಿಡಿ 1949ರಲ್ಲಿ ಮೊದಲ ಬಾರಿಗೆ ಸಾರ್ವಜನಿಕರ ಕೈಸೇರಿತು. ಪಿಎ ಶಿಕ್ಷಣವನ್ನು 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಡಾ. ಯೂಜೀನ್ ಸ್ಟೆಡ್ ಅವರು ಮೊದಲ ತಂಡಕ್ಕೆ ಆರಿಸಿಕೊಂಡದ್ದು ನೌಕಾಪಡೆಯಲ್ಲಿ ವೈದ್ಯಕೀಯ ಸೇವೆ ಸಲ್ಲಿಸಿ ಬಂದಿದ್ದ ನಾಲ್ವರನ್ನು. ಅವರಲ್ಲಿ ಮೂವರು 1967ರ ಅಕ್ಟೋಬರಿನಲ್ಲಿ ಪದವೀಧರರಾದರು. ಯುದ್ಧಭೂಮಿಯಲ್ಲಿ ಕಲಿತ ಕೌಶಲ ಊರಿಗೆ ಬಂದ ಮೇಲೆ ವ್ಯರ್ಥವಾಗಬಾರದು, ವೈದ್ಯರ ಕೊರತೆಯೂ ನೀಗಬೇಕು ಎಂಬ ಎರಡು ಉದ್ದೇಶಗಳು ಅಲ್ಲಿ ಕೂಡಿಬಂದವು. ವೈದ್ಯರ ಕೊರತೆ ಇಂದಿಗೂ ಈ ವೃತ್ತಿಯ ಬೇಡಿಕೆಗೆ ಮೂಲವಾಗಿದೆ. ಹೀಗಾಗಿ ಈ ಇತಿಹಾಸವನ್ನು ತಿಳಿದು ಕೈಪಿಡಿಯ ಪುಟ ತೆರೆದರೆ ಅಲ್ಲಿನ ಅಂಕಿಗಳಿಗೆ ಅರ್ಥ ಬರುತ್ತದೆ.

ಸೇವೆಯಾಗಿ ನೋಡಿದರೆ ಇದರ ಮೊದಲ ಗುಣ ಅದರ ನಿರಾಡಂಬರತೆ. ನೋಂದಣಿ ಬೇಕಿಲ್ಲ, ಶುಲ್ಕವಿಲ್ಲ, ಜಾಹೀರಾತುಗಳಿಲ್ಲ, ದೂರವಾಣಿ ಸಂಖ್ಯೆ ಕೇಳಿಕೊಂಡು ಮರುದಿನದಿಂದ ಕರೆ ಮಾಡುವವರಿಲ್ಲ. ಪಿಎ ಪುಟವು ವೃತ್ತಿಯ ಸಾರಾಂಶ, ಕೆಲಸದ ಸ್ವರೂಪ, ಕೆಲಸದ ವಾತಾವರಣ, ವೃತ್ತಿ ಸೇರುವ ಬಗೆ, ವೇತನ, ಮುಂದಿನ ಹತ್ತು ವರ್ಷಗಳ ಮುನ್ನಂದಾಜು, ರಾಜ್ಯವಾರು ಮಾಹಿತಿ, ಹೋಲುವ ವೃತ್ತಿಗಳು ಎಂದು ವಿಂಗಡಣೆಗೊಂಡಿದೆ. ಭಾಷೆ ಸರಳವಾಗಿದ್ದು ಪಿಯುಸಿ ಓದುವ ವಿದ್ಯಾರ್ಥಿ ಯಾರ ನೆರವೂ ಇಲ್ಲದೆ ಓದಿಕೊಳ್ಳಬಹುದು. ಸುಮಾರು ಅರ್ಧದಷ್ಟು ಪಿಎಗಳು ವೈದ್ಯರ ಕ್ಲಿನಿಕ್ಕುಗಳಲ್ಲಿ ಕೆಲಸ ಮಾಡುತ್ತಾರೆ, ಉಳಿದವರಲ್ಲಿ ದೊಡ್ಡ ಪಾಲು ಆಸ್ಪತ್ರೆಗಳಲ್ಲಿದೆ, ಕೆಲಸವು ದೇಹಕ್ಕೂ ಮನಸ್ಸಿಗೂ ದಣಿವು ತರುವಂಥದು, ರಾತ್ರಿ ಪಾಳಿ ಮತ್ತು ರಜಾದಿನಗಳ ಕೆಲಸವೂ ಬರಬಹುದು ಎಂಬುದನ್ನು ಪುಟ ಮುಚ್ಚಿಡುವುದಿಲ್ಲ. ವೃತ್ತಿಯನ್ನು ಮಾರಬೇಕಾದ ಹಂಗು ಇಲ್ಲದವರ ಬರವಣಿಗೆ ಇದು ಎಂಬುದು ಪ್ರತಿ ಸಾಲಿನಲ್ಲೂ ಕಾಣುತ್ತದೆ, ಮತ್ತು ಕಾಲೇಜುಗಳ ಕರಪತ್ರಗಳನ್ನು ಓದಿ ಬೇಸತ್ತವರಿಗೆ ಇದೇ ದೊಡ್ಡ ಸಮಾಧಾನ.

ಇನ್ನು ಎಲ್ಲರೂ ಮೊದಲು ನೋಡುವ ಮುನ್ನಂದಾಜಿನ ವಿಷಯಕ್ಕೆ ಬರೋಣ. ಈಗಿನ ಆವೃತ್ತಿಯ ಪ್ರಕಾರ 2024ರಲ್ಲಿ ಅಮೆರಿಕದಲ್ಲಿ ಸುಮಾರು 1,62,700 ಪಿಎ ಉದ್ಯೋಗಗಳಿದ್ದವು. 2034ರ ವೇಳೆಗೆ ಅವು ಶೇ 20ರಷ್ಟು ಹೆಚ್ಚಲಿವೆ. ಎಲ್ಲ ಉದ್ಯೋಗಗಳ ಒಟ್ಟು ಏರಿಕೆ ಅದೇ ಅವಧಿಯಲ್ಲಿ ಶೇ 3 ಮಾತ್ರ ಎಂದಿರುವುದರಿಂದ ಶೇ 20 ಬಹಳ ದೊಡ್ಡ ಏರಿಕೆಯೇ ಹೌದು. ಆದರೆ ಹಿಂದಿನ ಆವೃತ್ತಿಗಳನ್ನು ನೋಡಿದವರಿಗೆ ಈ ಸಂಖ್ಯೆಯ ಇನ್ನೊಂದು ಮುಖ ಗೊತ್ತಿರುತ್ತದೆ. 2016ರಿಂದ 2026ರ ಅವಧಿಗೆ ಇದೇ ಕೈಪಿಡಿ ಶೇ 37ರ ಏರಿಕೆಯನ್ನು ಅಂದಾಜಿಸಿತ್ತು. ಅನಂತರದ ಆವೃತ್ತಿಗಳಲ್ಲಿ ಅದು ಶೇ 31ಕ್ಕೆ ಇಳಿಯಿತು. 2023ರಿಂದ 2033ರ ಅಂದಾಜು ಶೇ 28 ಇತ್ತು. ಮರುವರ್ಷವೇ ಶೇ 20ಕ್ಕೆ ಬಂದು ನಿಂತಿತು. ವೃತ್ತಿ ಕುಗ್ಗುತ್ತಿದೆ ಎಂದು ಇದರ ಅರ್ಥವಲ್ಲ. ಬೆಳೆದು ದೊಡ್ಡದಾದ ವೃತ್ತಿಯಲ್ಲಿ ಶೇಕಡಾವಾರು ಏರಿಕೆ ಇಳಿಯುವುದು ಸಹಜ. ಆದರೂ ಒಂದೇ ಆವೃತ್ತಿಯ ಅಂತರದಲ್ಲಿ ಎಂಟು ಶೇಕಡಾ ಅಂಶಗಳಷ್ಟು ಇಳಿಕೆಯಾದಾಗ ಓದುಗನಿಗೆ ಅದರ ಕಾರಣ ತಿಳಿಯಬೇಕು. ಪುಟದಲ್ಲಿ ಹಿಂದಿನ ಅಂದಾಜು ಏನಿತ್ತು ಎಂಬ ಉಲ್ಲೇಖವೇ ಇಲ್ಲ. ಹಳೆಯ ಸಂಖ್ಯೆಯನ್ನು ಒರೆಸಿ ಹೊಸದನ್ನು ಬರೆದು ಮುಂದೆ ಸಾಗಲಾಗುತ್ತದೆ. ಇಷ್ಟು ಪ್ರಾಮಾಣಿಕವಾದ ಸೇವೆಯಲ್ಲಿ ಈ ಕೊರತೆ ನನಗೆ ನಿಜಕ್ಕೂ ನೋವು ತರುತ್ತದೆ, ಏಕೆಂದರೆ ಬದಲಾಗುತ್ತಿರುವ ಮಾರುಕಟ್ಟೆಯ ಬಗ್ಗೆ ತಿಳಿಯಬಯಸುವವನಿಗೆ ಬೇಕಾದದ್ದು ಆ ಬದಲಾವಣೆಯೇ.

ವರ್ಷಕ್ಕೆ ಸರಾಸರಿ 12,000 ಹುದ್ದೆಗಳು ತೆರವಾಗುತ್ತವೆ ಎಂಬ ಮಾತನ್ನೂ ಎಚ್ಚರದಿಂದ ಓದಬೇಕು. ಹತ್ತು ವರ್ಷಗಳಲ್ಲಿ ಹೊಸದಾಗಿ ಸೇರ್ಪಡೆಯಾಗುವ ಉದ್ಯೋಗಗಳು ಸುಮಾರು 33,000 ಮಾತ್ರ. ಉಳಿದವು ನಿವೃತ್ತಿಯಿಂದಲೋ ವೃತ್ತಿ ಬದಲಾವಣೆಯಿಂದಲೋ ಖಾಲಿಯಾಗುವ ಸ್ಥಾನಗಳು. ಇದನ್ನು ಕೈಪಿಡಿ ತಾನೇ ಹೇಳುತ್ತದೆ. ಅದು ಹೇಳದಿರುವುದು ಪೂರೈಕೆಯ ಲೆಕ್ಕ. ಅಮೆರಿಕದಲ್ಲಿ ಮಾನ್ಯತೆ ಪಡೆದ ಪಿಎ ಶಿಕ್ಷಣ ಕಾರ್ಯಕ್ರಮಗಳು ಈಗ 300ಕ್ಕೂ ಹೆಚ್ಚಿವೆ, ಪ್ರತಿ ವರ್ಷ ರಾಷ್ಟ್ರೀಯ ಪರೀಕ್ಷೆ ಮುಗಿಸಿ ಪ್ರಮಾಣಪತ್ರ ಪಡೆಯುವವರ ಸಂಖ್ಯೆ 10,000 ದಾಟುತ್ತದೆ. ತೆರವಾಗುವ ಹುದ್ದೆಗಳೂ ಹೊರಬರುವ ಪದವೀಧರರೂ ಹೆಚ್ಚುಕಡಿಮೆ ಸಮಸಮವಾಗಿರುವ ಮಾರುಕಟ್ಟೆಯಲ್ಲಿ ಕೆಲಸ ಸಿಗುತ್ತದೆ, ಆದರೆ ಬಯಸಿದ ಊರಿನಲ್ಲಿ, ಬಯಸಿದ ವಿಭಾಗದಲ್ಲಿ ಸಿಕ್ಕೇ ಸಿಗುತ್ತದೆ ಎನ್ನಲಾಗದು. ಇನ್ನೊಂದು ಸಂಗತಿಯೆಂದರೆ ಬ್ಯೂರೋದ ಮುನ್ನಂದಾಜುಗಳು ದೀರ್ಘಾವಧಿಯ ಲೆಕ್ಕಗಳು. ಕೊನೆಯ ವರ್ಷದಲ್ಲಿ ದೇಶದಲ್ಲಿ ಪೂರ್ಣ ಉದ್ಯೋಗದ ಸ್ಥಿತಿ, ಅಂದರೆ ಕೆಲಸ ಬಯಸುವ ಬಹುತೇಕ ಎಲ್ಲರಿಗೂ ಕೆಲಸವಿರುವ ಸ್ಥಿತಿ, ಇರುತ್ತದೆ ಎಂಬ ಗ್ರಹಿಕೆಯ ಮೇಲೆ ಅವು ನಿಂತಿವೆ. ಬರುವ ವರ್ಷ ಯಾವುದೋ ಆಸ್ಪತ್ರೆ ಸಮೂಹ ನೇಮಕಾತಿ ನಿಲ್ಲಿಸುತ್ತದೆಯೇ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಹುಡುಕುವುದು ತಪ್ಪಾಗುತ್ತದೆ.

ವೇತನದ ಭಾಗ ಅತ್ಯಂತ ಉಪಯುಕ್ತವಾದದ್ದು, ಹಾಗೆಯೇ ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಎಡೆಮಾಡುವಂಥದು. 2024ರ ಮೇ ತಿಂಗಳ ಲೆಕ್ಕದಂತೆ ಪಿಎಗಳ ವಾರ್ಷಿಕ ವೇತನದ ಮಧ್ಯಾಂಕ 1,33,260 ಡಾಲರ್. ಅಂದರೆ ಅರ್ಧದಷ್ಟು ಜನ ಇದಕ್ಕಿಂತ ಹೆಚ್ಚು, ಅರ್ಧದಷ್ಟು ಜನ ಇದಕ್ಕಿಂತ ಕಡಿಮೆ ಪಡೆಯುತ್ತಾರೆ. ಇದು ಇಪ್ಪತ್ತು ವರ್ಷ ಕೆಲಸ ಮಾಡಿದವರನ್ನೂ ನಿನ್ನೆ ಸೇರಿದವರನ್ನೂ ಕೂಡಿಸಿದ ಲೆಕ್ಕ. ಅನುಭವದ ವರ್ಷಗಳಿಗೆ ತಕ್ಕಂತೆ ವೇತನವೆಷ್ಟು ಎಂಬುದನ್ನು ಕೈಪಿಡಿ ಕೊಡುವುದಿಲ್ಲ. ಹೊಸಬರಿಗೆ ಎಷ್ಟು ಸಿಗಬಹುದೆಂದು ಅಂದಾಜಿಸಲು ನಾನು ಎಲ್ಲರಿಗೂ ಹೇಳುವುದು, ಅದೇ ಪುಟದಲ್ಲಿ ಕೆಳಸ್ತರದ ಶೇ 10 ಜನ ಪಡೆಯುವ ವೇತನದ ಮಿತಿಯನ್ನು ನೋಡಿ ಎಂದು. ಅದು ಸುಮಾರು 95,000 ಡಾಲರ್. ಆರಂಭದ ಸಂಬಳ ಇವೆರಡರ ನಡುವೆ ಎಲ್ಲೋ ಇರುತ್ತದೆ ಎಂದುಕೊಂಡು ಮನೆಯ ಲೆಕ್ಕ ಹಾಕುವುದು ಕ್ಷೇಮ. ಈ ವೇತನಗಳನ್ನು ಲೆಕ್ಕಹಾಕುವ ಸಮೀಕ್ಷೆಯು ಮೂರು ವರ್ಷಗಳ ಅವಧಿಯ ಮಾಹಿತಿಯನ್ನು ಒಟ್ಟುಗೂಡಿಸುವುದರಿಂದ ಹೊಸ ಏರಿಳಿತಗಳು ಅದರಲ್ಲಿ ನಿಧಾನವಾಗಿ ಮಾತ್ರ ಗೋಚರಿಸುತ್ತವೆ ಎಂಬುದೂ ನೆನಪಿರಬೇಕು. ರಾಜ್ಯವಾರು ನಕ್ಷೆಗಳ ಕೊಂಡಿಯನ್ನು ಬಹಳ ಜನ ತೆರೆದು ನೋಡುವುದೇ ಇಲ್ಲ. ಒಂದೇ ಸಂಬಳದಲ್ಲಿ ಬೇರೆ ಬೇರೆ ರಾಜ್ಯಗಳ ಬದುಕು ಬೇರೆ ಬೇರೆಯಾಗಿರುವಾಗ ದೇಶದ ಮಧ್ಯಾಂಕಕ್ಕಿಂತ ಆ ನಕ್ಷೆಗಳೇ ಹೆಚ್ಚು ಬೆಲೆಬಾಳುವಂಥವು.

ನನ್ನ ದೊಡ್ಡ ಆಕ್ಷೇಪ ಇರುವುದು ಪುಟದ ಮೇಲ್ಭಾಗದ ಸಂಕ್ಷಿಪ್ತ ಪಟ್ಟಿಯ ಬಗ್ಗೆ. ಅಲ್ಲಿ ಬೇಕಾದ ಶಿಕ್ಷಣ ಸ್ನಾತಕೋತ್ತರ ಪದವಿ ಎಂದಿದೆ. ಸಂಬಂಧಪಟ್ಟ ವೃತ್ತಿಯ ಪೂರ್ವಾನುಭವ ಎಂಬ ಕಡೆ ‘ಇಲ್ಲ’ ಎಂದಿದೆ. ಎಲ್ಲ ವೃತ್ತಿಗಳಿಗೂ ಒಂದೇ ಅಳತೆಯಿಂದ ತುಂಬುವ ಈ ಪಟ್ಟಿಯ ನಿಯಮದ ಪ್ರಕಾರ ಅದು ಸರಿಯೇ ಇರಬಹುದು. ಆದರೆ ವಾಸ್ತವದಲ್ಲಿ ಪಿಎ ಕೋರ್ಸಿಗೆ ಪ್ರವೇಶ ಪಡೆಯುವವರು ಬಹುತೇಕ ತುರ್ತು ವೈದ್ಯಕೀಯ ತಂತ್ರಜ್ಞರಾಗಿಯೋ ನರ್ಸಿಂಗ್ ಸಹಾಯಕರಾಗಿಯೋ ವೈದ್ಯಕೀಯ ಸಹಾಯಕರಾಗಿಯೋ ರೋಗಿಗಳ ಜೊತೆ ನೂರಾರು, ಎಷ್ಟೋ ಬಾರಿ ಸಾವಿರಾರು ಗಂಟೆ ಕೆಲಸ ಮಾಡಿರುತ್ತಾರೆ. ಇದು ಪುಟದ ಒಳಗೆ, ವೃತ್ತಿ ಸೇರುವ ಬಗೆಯನ್ನು ವಿವರಿಸುವ ಭಾಗದಲ್ಲಿ ಪ್ರಸ್ತಾಪವಾಗಿದೆ. ಪಟ್ಟಿಯನ್ನಷ್ಟೇ ಓದಿ ಮುಂದೆ ಹೋಗುವ ವಿದ್ಯಾರ್ಥಿ ಪದವಿಯ ಕೊನೆಯ ವರ್ಷದಲ್ಲಿ ಇದನ್ನು ಕಂಡುಕೊಂಡರೆ ಒಂದೆರಡು ವರ್ಷ ಹಿಂದೆ ಬೀಳುತ್ತಾನೆ. ಕೋರ್ಸ್ ಸಾಮಾನ್ಯವಾಗಿ ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಬಿಡುವಿಲ್ಲದ ಪೂರ್ಣಾವಧಿಯ ಓದು. ಅದರ ನಂತರ ಪ್ಯಾನ್ಸ್ ಎಂಬ 300 ಪ್ರಶ್ನೆಗಳ ರಾಷ್ಟ್ರೀಯ ಪರೀಕ್ಷೆ, ರಾಜ್ಯದ ಪರವಾನಗಿ, ಪ್ರತಿ ಎರಡು ವರ್ಷಕ್ಕೆ 100 ಗಂಟೆಗಳ ಮುಂದುವರಿಕೆಯ ಕಲಿಕೆ. ಇಷ್ಟು ಶ್ರಮದ ಹಾದಿಯ ತಲೆಬರಹದಲ್ಲಿ ‘ಇಲ್ಲ’ ಎಂಬ ಒಂದೇ ಪದ ಇರುವುದು ಓದುಗರಿಗೆ ಅನ್ಯಾಯ.

ಹಣದ ಮಾತು ಇದಕ್ಕಿಂತ ಗಂಭೀರ. ಕೋರ್ಸಿನ ವೆಚ್ಚವನ್ನು ಕೈಪಿಡಿ ಎಲ್ಲಿಯೂ ಹೇಳುವುದಿಲ್ಲ. ಅಮೆರಿಕದಲ್ಲಿ 2025ರ ಜುಲೈನಲ್ಲಿ ಅಂಗೀಕಾರವಾದ ಕಾನೂನಿನಂತೆ, ಸ್ನಾತಕೋತ್ತರ ವಿದ್ಯಾರ್ಥಿಗಳು ಪೂರ್ಣ ವೆಚ್ಚದವರೆಗೂ ಪಡೆಯಬಹುದಾಗಿದ್ದ ಗ್ರ್ಯಾಡ್ ಪ್ಲಸ್ ಎಂಬ ಕೇಂದ್ರ ಸರ್ಕಾರದ ಸಾಲವು 2026ರ ಜುಲೈ 1ರಿಂದ ಹೊಸಬರಿಗೆ ನಿಲ್ಲುತ್ತದೆ. ಸಾಮಾನ್ಯ ಸ್ನಾತಕೋತ್ತರ ಓದಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು 1,00,000 ಡಾಲರ್ ಎಂಬ ಮಿತಿ ಇದೆ. ವೈದ್ಯಕೀಯ, ಕಾನೂನು ಮುಂತಾದ ‘ವೃತ್ತಿಪರ’ ಪದವಿಗಳಿಗೆ ಮಿತಿ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್. ಶಿಕ್ಷಣ ಇಲಾಖೆಯ ಸಮಿತಿ 2025ರ ನವೆಂಬರಿನಲ್ಲಿ ಒಪ್ಪಿಕೊಂಡ ವೃತ್ತಿಪರ ಪದವಿಗಳ ಕರಡು ಪಟ್ಟಿಯಲ್ಲಿ ಪಿಎ ಶಿಕ್ಷಣ ಸೇರಿರಲಿಲ್ಲ. ಕೆಲಸಕ್ಕೆ ಬೇಡಿಕೆ ಎಷ್ಟೇ ಇದ್ದರೂ ಓದಲು ಹಣ ಹೊಂದಿಸಲಾಗದವರಿಗೆ ಆ ಬೇಡಿಕೆಯಿಂದ ಪ್ರಯೋಜನವಿಲ್ಲ. ಉದ್ಯೋಗಗಳನ್ನು ಎಣಿಸುವ ಕೈಪಿಡಿ ಆ ಉದ್ಯೋಗದ ಬಾಗಿಲು ಎಷ್ಟು ಕಿರಿದಾಗುತ್ತಿದೆ ಎಂಬುದನ್ನು ಎಣಿಸುವುದಿಲ್ಲ. ನಾನು ಈ ಸೇವೆಯ ಬಗ್ಗೆ ಹೇಳಬೇಕಾದ ಮುಖ್ಯ ಮಾತು ಇದೇ.

ಹೋಲುವ ವೃತ್ತಿಗಳ ವಿಭಾಗಕ್ಕೆ ಹೋಗಿ, ಹೆಚ್ಚಿನ ಓದು ಮುಗಿಸಿ ರೋಗಿಗಳಿಗೆ ಚಿಕಿತ್ಸೆ ನೀಡುವ ನರ್ಸ್‌ಗಳಾದ ನರ್ಸ್ ಪ್ರಾಕ್ಟಿಷನರುಗಳು ಇರುವ ಪುಟವನ್ನು ತೆರೆದರೆ ಹೋಲಿಕೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಕೆಲಸದ ಸ್ವರೂಪದಲ್ಲಿ ಪಿಎಗೆ ಬಹಳ ಹತ್ತಿರವಾದ ಈ ವೃತ್ತಿಗೆ ಅದೇ ಅವಧಿಯಲ್ಲಿ ಶೇ 40ರ ಏರಿಕೆಯನ್ನು ಅಂದಾಜಿಸಲಾಗಿದೆ. ವೇತನದಲ್ಲಿ ಹೆಚ್ಚಿನ ಅಂತರವಿಲ್ಲ. ಹಾಗಿದ್ದರೆ ಏರಿಕೆಯ ದರ ಒಂದಕ್ಕೆ ಇನ್ನೊಂದರ ಎರಡು ಪಟ್ಟು ಏಕೆ? ನನ್ನ ತಿಳಿವಳಿಕೆಯಲ್ಲಿ ಕಾನೂನು ಇದರ ಒಂದು ದೊಡ್ಡ ಕಾರಣ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟಿಷನರುಗಳು ವೈದ್ಯರ ಜೊತೆ ಒಪ್ಪಂದವಿಲ್ಲದೆಯೇ ಸ್ವತಂತ್ರವಾಗಿ ವೃತ್ತಿ ನಡೆಸಬಹುದು. ಪಿಎಗಳಿಗೆ ಬಹುತೇಕ ಕಡೆ ವೈದ್ಯರ ಮೇಲ್ವಿಚಾರಣೆಯೋ ಸಹಯೋಗವೋ ಬೇಕೇ ಬೇಕು. ಒಬ್ಬ ಪಿಎಯನ್ನು ನೇಮಿಸಿಕೊಂಡರೆ ಅವರಿಗೆ ಜವಾಬ್ದಾರರಾಗುವ ವೈದ್ಯರನ್ನೂ ಹೊಂದಿಸಬೇಕಾದ ಸಣ್ಣ ಕ್ಲಿನಿಕ್ಕು ಯಾರನ್ನು ಆರಿಸಿಕೊಳ್ಳುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಪಿಎ ಸಂಘಟನೆಗಳು ಸುಮ್ಮನೆ ಕುಳಿತಿಲ್ಲ. ನಾರ್ತ್ ಡಕೋಟ ರಾಜ್ಯ 2019ರಲ್ಲೇ ಹಲವು ಬಗೆಯ ಕೆಲಸದ ಸ್ಥಳಗಳಲ್ಲಿ ಲಿಖಿತ ಒಪ್ಪಂದದ ಷರತ್ತನ್ನು ತೆಗೆದುಹಾಕಿತು. ಅಮೆರಿಕದ ಪಿಎ ಅಕಾಡೆಮಿ 2021ರಲ್ಲಿ ವೃತ್ತಿಯ ಹೆಸರನ್ನು ‘ಫಿಸಿಶಿಯನ್ ಅಸೋಸಿಯೇಟ್’ ಎಂದು ಬದಲಿಸಲು ತೀರ್ಮಾನಿಸಿತು, 2024ರಲ್ಲಿ ಆರೆಗನ್ ರಾಜ್ಯ ಅದನ್ನು ಕಾನೂನಿನಲ್ಲಿ ಒಪ್ಪಿಕೊಂಡಿತು. ಒಂದು ರಾಜ್ಯದ ಪರವಾನಗಿಯಿಂದ ಇನ್ನೊಂದರಲ್ಲಿ ಕೆಲಸ ಮಾಡಲು ಅನುವಾಗುವ ಅಂತರರಾಜ್ಯ ಒಪ್ಪಂದಕ್ಕೆ ಅದೇ ವರ್ಷ ಬೇಕಾದ ಏಳು ರಾಜ್ಯಗಳ ಬೆಂಬಲ ಸಿಕ್ಕಿತು. ಮುಂದಿನ ಹತ್ತು ವರ್ಷಗಳ ಮಾರುಕಟ್ಟೆಯನ್ನು ರೂಪಿಸುವ ಈ ಬೆಳವಣಿಗೆಗಳಿಗೆ ಕೈಪಿಡಿಯಲ್ಲಿ ಸಿಗುವುದು, ರಾಜ್ಯಗಳ ಕಾನೂನುಗಳು ಬೇರೆ ಬೇರೆ ಎಂಬ ಅರ್ಥದ ಒಂದು ಸಾಲು.

ಕರ್ನಾಟಕದ ಓದುಗರ ವಿಷಯಕ್ಕೆ ಬಂದರೆ ನನ್ನ ಮಾತು ಇನ್ನಷ್ಟು ನೇರವಾಗಿರಬೇಕು. ನಮ್ಮ ಪರಿಚಿತರ ಮನೆಯೊಂದಕ್ಕೆ ಒಂದು ಶಿಕ್ಷಣ ಸಲಹಾ ಸಂಸ್ಥೆಯವರು ಕೊಟ್ಟಿದ್ದ ಕರಪತ್ರವನ್ನು ನೋಡಿದೆ. ಬಿ.ಎಸ್ಸಿ. ಫಿಸಿಶಿಯನ್ ಅಸಿಸ್ಟೆಂಟ್ ಕೋರ್ಸಿನ ಗುಣಗಾನದ ಕೆಳಗೆ ಅಮೆರಿಕ ಸರ್ಕಾರದ ಈ ಕೈಪಿಡಿಯ ವೇತನವನ್ನೇ ರೂಪಾಯಿಗೆ ಪರಿವರ್ತಿಸಿ ‘ಕೋಟಿ ದಾಟುವ ಸಂಬಳ’ ಎಂದು ಅಚ್ಚುಹಾಕಲಾಗಿತ್ತು. ಆ ಮನೆಯ ಹುಡುಗಿ ಜಾಣೆ, ತಂದೆ ಕೃಷಿಕರು, ಶುಲ್ಕಕ್ಕೆಂದು ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕುವ ಸಿದ್ಧತೆಯಲ್ಲಿದ್ದರು. ಆ ಕರಪತ್ರದ ಮಾತು ಅವರಿಗೆ ಮಾಡಿದ ದ್ರೋಹ. ಪ್ಯಾನ್ಸ್ ಪರೀಕ್ಷೆಗೆ ಕೂರಲು ಅಮೆರಿಕದ ಮಾನ್ಯತಾ ಸಂಸ್ಥೆ ಒಪ್ಪಿದ ಕಾರ್ಯಕ್ರಮದಿಂದಲೇ ಪದವಿ ಪಡೆದಿರಬೇಕು. ಭಾರತದ ಪಿಎ ಪದವಿಯಿಂದ ಆ ಪರೀಕ್ಷೆಗೆ ಅರ್ಹತೆ ಬರುವುದಿಲ್ಲ. ಭಾರತದಲ್ಲಿ ಎಂಬಿಬಿಎಸ್ ಅಥವಾ ಬಿಡಿಎಸ್ ಮುಗಿಸಿ ಮದುವೆಯಾಗಿ ಅಲ್ಲಿಗೆ ಹೋದವರಿಗೂ ಇದೇ ನಿಯಮ. ಅವರೂ ಅಲ್ಲಿನ ಕೋರ್ಸನ್ನು ಮೊದಲಿನಿಂದ ಓದಬೇಕು, ಅನೇಕ ಕಾರ್ಯಕ್ರಮಗಳು ವಿದೇಶದಲ್ಲಿ ಓದಿದ ವಿಷಯಗಳನ್ನು ಹಾಗೆಯೇ ಒಪ್ಪಿಕೊಳ್ಳುವುದೂ ಇಲ್ಲ. ಮಾನ್ಯತೆ ಪಡೆದ ಕಾರ್ಯಕ್ರಮ ಎಂಬ ಮಾತು ಕೈಪಿಡಿಯಲ್ಲಿ ಇದೆ. ಆದರೆ ವಿದೇಶಿ ಪದವೀಧರರಿಗೆ ಅದರ ಅರ್ಥವೇನು ಎಂಬ ವಿವರಣೆ ಇಲ್ಲ. ಅಮೆರಿಕನ್ನರಿಗಾಗಿ ಬರೆದ ಪುಟದಲ್ಲಿ ಅದು ಇಲ್ಲದಿರುವುದನ್ನು ದೋಷವೆನ್ನಲಾರೆ. ಆ ಪುಟದ ಅಂಕಿಯನ್ನು ನಮ್ಮ ಮಕ್ಕಳ ಮುಂದೆ ಹಿಡಿಯುವವರು ಇದನ್ನು ಹೇಳದಿರುವುದು ದೋಷ.

ಭಾರತದಲ್ಲಿ ಈ ವೃತ್ತಿ ಇಲ್ಲವೆಂದಲ್ಲ. ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್ ಅವರು 1992ರಲ್ಲಿ ಇದನ್ನು ಆರಂಭಿಸಿದರು. ಇಂದು ಹೃದ್ರೋಗ ವಿಭಾಗ, ತೀವ್ರ ನಿಗಾ ಘಟಕ, ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ರೋಗಿಯ ವಿವರ ದಾಖಲಿಸುವುದರಿಂದ ಹಿಡಿದು ಬಿಡುಗಡೆಯ ಸಾರಾಂಶ ಸಿದ್ಧಪಡಿಸುವವರೆಗೆ ಇವರ ಶ್ರಮ ದೊಡ್ಡದು. ಸ್ವತಂತ್ರವಾಗಿ ಔಷಧಿ ಬರೆಯುವ ಅಧಿಕಾರ ಮಾತ್ರ ಇಲ್ಲಿಲ್ಲ, ಸಂಬಳವೂ ಅಮೆರಿಕದ್ದಕ್ಕೆ ಹೋಲಿಸುವಂಥದಲ್ಲ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯ ಅನುಸೂಚಿಯಲ್ಲಿ ಫಿಸಿಶಿಯನ್ ಅಸೋಸಿಯೇಟ್ ಸೇರಿರುವುದರಿಂದ ಇವರಿಗೆ ಮೊದಲ ಬಾರಿಗೆ ಕಾನೂನಿನ ನೆಲೆ ಸಿಕ್ಕಿದೆ, 2025ರಲ್ಲಿ ಆಯೋಗ ಪ್ರಕಟಿಸಿದ ಪಠ್ಯಕ್ರಮಗಳಲ್ಲೂ ಈ ವೃತ್ತಿ ಇದೆ. ಇದು ನಿಜವಾದ ಮುನ್ನಡೆ. ಬ್ರಿಟನ್ನಿನ ಕಥೆ ಬೇರೆ: ಅಲ್ಲಿ 2024ರ ಡಿಸೆಂಬರಿನಲ್ಲಿ ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್ ಇವರ ನಿಯಂತ್ರಣವನ್ನೂ ವಹಿಸಿಕೊಂಡಿತು, 2025ರ ಜುಲೈನಲ್ಲಿ ಪ್ರಕಟವಾದ ಪ್ರೊ. ಜಿಲಿಯನ್ ಲೆಂಗ್ ಅವರ ವರದಿಯು, ‘ಅಸೋಸಿಯೇಟ್’ ಎಂಬ ಹೆಸರು ಮತ್ತೆ ‘ಅಸಿಸ್ಟೆಂಟ್’ ಆಗಬೇಕು, ರೋಗನಿರ್ಣಯವಾಗದ ರೋಗಿಗಳನ್ನು ಇವರು ಮೊದಲು ನೋಡುವುದಕ್ಕೆ ಕಟ್ಟುನಿಟ್ಟಿನ ಮಿತಿ ಬೇಕು ಎಂದು ಶಿಫಾರಸು ಮಾಡಿತು. ಒಂದು ದೇಶ ಹೆಸರನ್ನು ಮೇಲಕ್ಕೇರಿಸುತ್ತಿರುವಾಗ ಇನ್ನೊಂದು ದೇಶ ಕೆಳಗಿಳಿಸುತ್ತಿದೆ. ‘ವಿದೇಶದಲ್ಲಿ ಪಿಎಗಳಿಗೆ ಭಾರಿ ಬೇಡಿಕೆ’ ಎಂಬ ಸಾರಾಸಗಟು ಮಾತನ್ನು ಯಾರಾದರೂ ಹೇಳಿದರೆ ಯಾವ ದೇಶ, ಯಾವ ವರ್ಷ ಎಂದು ಕೇಳಲೇಬೇಕು.

ಈ ಎಲ್ಲ ಕೊರತೆಗಳ ನಡುವೆಯೂ ಕೈಪಿಡಿಗೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಬ್ಯೂರೋದ ಆಯುಕ್ತರನ್ನು ಅಧ್ಯಕ್ಷರು 2025ರ ಆಗಸ್ಟಿನಲ್ಲಿ ವಜಾ ಮಾಡಿದಾಗ ಈ ಸಂಸ್ಥೆಯ ಅಂಕಿಅಂಶಗಳನ್ನು ಇನ್ನು ನಂಬಬಹುದೇ ಎಂದು ಹಲವರು ಕೇಳಿದರು. ಆ ವಿವಾದ ಎದ್ದದ್ದು ತಿಂಗಳು ತಿಂಗಳು ಬರುವ ಉದ್ಯೋಗ ವರದಿಯ ಸುತ್ತ. ಲೆಕ್ಕದ ವಿಧಾನವನ್ನು ಬಹಿರಂಗವಾಗಿ ವಿವರಿಸಿರುವ ಈ ಕೈಪಿಡಿಯ ಬಗ್ಗೆ ನನ್ನ ವಿಶ್ವಾಸ ಕುಂದಿಲ್ಲ. ಸರ್ಕಾರವೊಂದು ತನ್ನ ಪ್ರಜೆಗಳಿಗೆ ಒಂದೊಂದು ವೃತ್ತಿಯ ಬಗ್ಗೆಯೂ ಇಷ್ಟು ಶ್ರದ್ಧೆಯಿಂದ, ಇಷ್ಟು ದಶಕಗಳ ಕಾಲ ಬರೆದುಕೊಡುತ್ತ ಬಂದಿರುವುದು ಗೌರವಕ್ಕೆ ಅರ್ಹವಾದ ಕೆಲಸ. ನಮ್ಮ ಸಹಾಯಕ ಆರೋಗ್ಯ ವೃತ್ತಿಗಳಿಗೂ ಇಂಥದೊಂದು ಕೈಪಿಡಿ ಕನ್ನಡದಲ್ಲಿ ಬರಬೇಕೆಂಬುದು ನನ್ನ ತೀವ್ರವಾದ ಆಸೆ. ರಾಜ್ಯದಲ್ಲಿ ಎಷ್ಟು ಹುದ್ದೆಗಳಿವೆ, ಎಷ್ಟು ಜನ ಪದವಿ ಪಡೆಯುತ್ತಾರೆ, ಮೊದಲ ಸಂಬಳ ಎಷ್ಟು ಎಂಬ ಮೂರು ಸಂಗತಿಗಳನ್ನಾದರೂ ಅದು ಹೇಳಬೇಕು.

ಸದ್ಯಕ್ಕೆ ಅಮೆರಿಕದ ಪಿಎ ಪುಟವನ್ನು ತೆರೆಯುವವರು ಅದರ ಜೊತೆಗೆ ಮೂರು ಮೂಲಗಳನ್ನು ನೋಡಿಕೊಳ್ಳಲಿ: ಕೋರ್ಸುಗಳಿಗೆ ಮಾನ್ಯತೆ ಕೊಡುವ ಎಆರ್‌ಸಿ-ಪಿಎ ಸಂಸ್ಥೆಯ ಪಟ್ಟಿ, ಪ್ಯಾನ್ಸ್ ಪರೀಕ್ಷೆ ನಡೆಸುವ ಎನ್‌ಸಿಸಿಪಿಎ ಸಂಸ್ಥೆಯ ಅರ್ಹತಾ ನಿಯಮಗಳು, ತಾವು ನೆಲೆಸಬಯಸುವ ರಾಜ್ಯದ ಪರವಾನಗಿ ಮಂಡಳಿಯ ಪುಟ. ಹೊಸ ಮುನ್ನಂದಾಜುಗಳು ಸಾಮಾನ್ಯವಾಗಿ ಆಗಸ್ಟ್ ಕೊನೆಯಲ್ಲಿ ಅಥವಾ ಸೆಪ್ಟೆಂಬರಿನಲ್ಲಿ ಬರುತ್ತವೆ. ಅದಕ್ಕೂ ಮೊದಲೇ ಈಗಿನ ಪುಟವನ್ನು ಮುದ್ರಿಸಿಯೋ ಉಳಿಸಿಯೋ ಇಟ್ಟುಕೊಂಡರೆ, ಹೊಸ ಸಂಖ್ಯೆ ಬಂದಾಗ ಏನು ಬದಲಾಯಿತು ಎಂಬುದನ್ನು ನೀವೇ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.